ತನಿಯ ಹೊತ್ತಿಗೆ ಪಾನಕ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪರಿಚಯವಾದ ದಿನದಿಂದ ತೀರಿಕೊಂಡ ದಿನದವರೆಗೆ ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. 'ಏನಯ್ಯಾ ಮೃದಂಗ' ಎನ್ನುತ್ತಿದ್ದರು. ರಸ್ತೆಯಲ್ಲಿ ಸಿಕ್ಕರೂ ಅಷ್ಟೇ, ಮೈಕಿನಲ್ಲಿ ಕಲಾವಿದರನ್ನು ಪರಿಚಯಿಸುವಾಗಲೂ ಅಷ್ಟೇ. ಹಾಡುವವರ ಹೆಸರು, ಊರು, ಗುರುಪರಂಪರೆ, ಪಿಟೀಲಿನವರ ತಂದೆಯ ಹೆಸರು, ಎಲ್ಲ ಹೇಳಿ ಕೊನೆಗೆ 'ಮೃದಂಗ, ನಮ್ಮವರೇ' ಎಂದು ಮುಗಿಸುತ್ತಿದ್ದರು. ಹಾಗಾಗಿ ಇಲ್ಲಿ ಅವರು ಬರಿಯ ಕಾರ್ಯದರ್ಶಿಗಳು. ರಾಜಾಜಿನಗರದ ನಮ್ಮ ಬ್ಲಾಕಿನ ರಾಮೋತ್ಸವ ಸಮಿತಿಗೆ ಎಷ್ಟೋ ಜನ ಅಧ್ಯಕ್ಷರು ಬಂದರು, ಹೋದರು. ಕಾರ್ಯದರ್ಶಿಗಳು ಮಾತ್ರ ಅವರೊಬ್ಬರೇ.

ಹೋದ ತಿಂಗಳು ತೀರಿಕೊಂಡರು. ತೊಂಬತ್ತು ದಾಟಿತ್ತು. ಮಲಗಿದ ಕಡೆಯೇ ಹೋದರಂತೆ, ಯಾರಿಗೂ ತೊಂದರೆ ಕೊಡಲಿಲ್ಲವಂತೆ. ಕೊಡಬೇಕಾದ ತೊಂದರೆಯನ್ನೆಲ್ಲ ಅವರು ಮೊದಲೇ ಕೊಟ್ಟು ಮುಗಿಸಿದ್ದರು. ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಮಗಳು ಹಾಡಿದರು, ನಾನು ಮೃದಂಗ ನುಡಿಸಿದೆ. ಅದಾದ ಮೇಲೆ ಒಂದು ಬೆಳಿಗ್ಗೆ ಆಕೆ ನಮ್ಮ ಮನೆಗೆ ಬಂದು ಕೂತರು.

'ಸಾರ್, ನಮ್ತಂದೆಯವ್ರ ಹೆಸರಲ್ಲಿ ಸ್ಮರಣ ಸಂಚಿಕೆ ತರ್ತಾ ಇದೀವಿ. ಅವತ್ತು ನೀವು ತನಿ ನುಡಿಸಿದ್ದು ಕೇಳಿ ಎಲ್ರೂ ಅತ್ತುಬಿಟ್ರು. ನೀವೇ ಬರೀಬೇಕು.'

'ಏನಂತ ಬರೀಲಮ್ಮ?'

'ಮೃದಂಗಕ್ಕೆ ಈ ಕಡೆ ಮರ್ಯಾದೆ ತಂದುಕೊಟ್ಟೋರೇ ನಮ್ತಂದೆ ಅಂತ ಎಲ್ರೂ ಹೇಳ್ತಾರಲ್ಲ. ಅದು ನಿಮ್ ಬಾಯಲ್ಲಿ ಬಂದ್ರೆ ಚೆನ್ನಾಗಿರತ್ತೆ. ಒಂದು ನಾಲ್ಕು ಒಳ್ಳೇ ಮಾತು.'

ಆಗಲಮ್ಮ ಎಂದೆ. ಆಕೆ ಕಾಫಿ ಕುಡಿದು ಹೋದರು. ಒಳ್ಳೆಯ ಹೆಣ್ಣುಮಗಳು, ಆಕೆಯ ಮೇಲೆ ನನಗೇನೂ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವುದು ನನಗೂ ಗೊತ್ತಿದೆ. ಆದರೆ ಬದುಕಿದ್ದಾಗ ಆಡೋಣವೆಂದರೆ ಅವರು ಮೈಕು ಬಿಟ್ಟುಕೊಟ್ಟವರಲ್ಲ. ನಾಲ್ಕು ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ. ಒಂದಿದೆ. ಅದನ್ನು ಕೊನೆಯಲ್ಲಿ ಕೊಡುತ್ತೇನೆ.

ತನಿ ಎಂದರೇನೆಂದು ಗೊತ್ತಿಲ್ಲದವರಿಗೆ ಮೊದಲು ಹೇಳಬೇಕು. ಕಚೇರಿಯಲ್ಲಿ ಮೃದಂಗದವನು ಇಡೀ ಹೊತ್ತು ಇನ್ನೊಬ್ಬರ ಹಿಂದೆ ನಡೆಯುವವನು. ಹಾಡುವವರು ಓಡಿದರೆ ಓಡಬೇಕು, ನಿಂತರೆ ನಿಲ್ಲಬೇಕು. ದೊಡ್ಡ ಕೃತಿಯೊಂದು ಮುಗಿಯುವ ಹೊತ್ತಿಗೆ ಅವರು ಹಾಡು ನಿಲ್ಲಿಸಿ, ಇವನ ಕಡೆ ತಿರುಗಿ, ಬರೀ ತಾಳ ಹಾಕುತ್ತಾ ಕೂರುತ್ತಾರೆ. ಆಗ ವೇದಿಕೆಯ ಮೇಲೆ ಇವನೊಬ್ಬನೇ. ಅದೇ ತನಿ. ವರ್ಷವಿಡೀ ಬೆರಳು ನೋಯಿಸಿಕೊಂಡು ಸಾಧನೆ ಮಾಡುವುದು ಆ ಸ್ವಲ್ಪ ಹೊತ್ತಿಗಾಗಿ. ಕೇಳುವವರಿಗೆ ಮಾತ್ರ ಅದು ಎದ್ದುಹೋಗುವ ಹೊತ್ತು. ಇದು ನಮ್ಮ ಬ್ಲಾಕಿನವರ ದೋಷವೇನಲ್ಲ, ಎಲ್ಲ ಕಡೆಯೂ ಇರುವ ರೂಢಿ. ಆದರೆ ಬೇರೆ ಕಡೆ ಜನ ಒಬ್ಬೊಬ್ಬರಾಗಿ, ಪಂಕ್ತಿಯ ನಡುವೆ ಊಟ ಬಿಟ್ಟು ಏಳುವವರ ಹಾಗೆ ಬೆನ್ನು ಬಗ್ಗಿಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಕಾರ್ಯದರ್ಶಿಗಳು ಅದನ್ನು ಕಾರ್ಯಕ್ರಮದ ಒಂದು ಅಂಗವನ್ನಾಗಿಯೇ ಮಾಡಿಬಿಟ್ಟಿದ್ದರು.

ಚಪ್ಪರದಲ್ಲಿ ಮೊದಲ ಸಾಲಿನ ನಡುಗುರ್ಚಿ ಅವರದು. ಇಸ್ತ್ರಿಯ ಜುಬ್ಬ, ಕಚ್ಚೆ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಗಡಿಯಾರವನ್ನು ಮುಖ ಒಳಗಾಗಿ ಕಟ್ಟುತ್ತಿದ್ದರು. ಹಾಡುವವರು ನನ್ನ ಕಡೆ ತಿರುಗಿದರೋ ಇಲ್ಲವೋ, ಇವರು ಮಣಿಕಟ್ಟು ತಿರುವಿ ನೋಡಿ, ಶಲ್ಯ ಕೊಡವಿ ಎದ್ದು ನಿಲ್ಲುತ್ತಿದ್ದರು. ಅವರೆದ್ದರೆ ಮೊದಲ ಸಾಲು ಏಳುತ್ತಿತ್ತು. ದೊಡ್ಡವರೇ ಎದ್ದ ಮೇಲೆ ಹಿಂದಿನವರಿಗೇನು? ಅವರು ಹಿಂದಕ್ಕೆ ಕೈ ಬೀಸಿದರೆ ಸಾಕು, ಪಾನಕದ ಕೊಳಗ, ಕೋಸಂಬರಿಯ ಪಾತ್ರೆ, ದೊನ್ನೆಯ ಬುಟ್ಟಿ ಎಲ್ಲ ಮೆರವಣಿಗೆಯಲ್ಲಿ ಬರುತ್ತಿದ್ದವು. ಇಷ್ಟು ಸಾಲದು ಎಂಬಂತೆ ಅವರು ಪಕ್ಕದ ಮೈಕು ಹಿಡಿಯುತ್ತಿದ್ದರು.

'ಮಹನೀಯರೇ, ಪಾನಕ ಎಡಗಡೆ, ಕೋಸಂಬರಿ ಬಲಗಡೆ. ತಾಯಂದಿರು ದಯವಿಟ್ಟು ನೂಕಬಾರದು. ಕುಡಿದ ದೊನ್ನೆ ಬುಟ್ಟೀಗೇ ಹಾಕಿ.'

ಇದೆಲ್ಲ ನಾನು ನುಡಿಸುತ್ತಿರುವಾಗ.

ಒಮ್ಮೆ ಸಂಕೋಚ ಬಿಟ್ಟು ಕೇಳಿದ್ದೆ. 'ಸಾರ್, ಪಾನಕ ಮಂಗಳ ಆದ್ಮೇಲೆ ಕೊಡಬೌದಲ್ಲ?' ಅವರು ನಕ್ಕು, ನನ್ನ ಬೆನ್ನು ತಟ್ಟಿದರು. 'ಏನಯ್ಯಾ ಮೃದಂಗ, ಊಟದಲ್ಲಿ ಉಪ್ಪಿನಕಾಯಿ ಇರಬೇಕು. ಬೇಡ ಅಂದೋರ್ಯಾರು? ಆದ್ರೆ ಬರೀ ಉಪ್ಪಿನಕಾಯೀನೇ ಹತ್ತು ನಿಮಿಷ ನೆಕ್ತಾ ಕೂರು ಅಂದ್ರೆ ಯಾರು ಕೂರ್ತಾರೆ?' ಸುತ್ತ ಇದ್ದವರು ಹೋ ಎಂದು ನಕ್ಕರು. ಆ ಮಾತು ಅವರಿಗೇ ಎಷ್ಟು ಹಿಡಿಸಿತೆಂದರೆ ಆಮೇಲೆ ಹೊರಗಿನಿಂದ ಬಂದ ವಿದ್ವಾಂಸರಿಗೂ ಹೇಳತೊಡಗಿದರು.

ಎಪ್ಪತ್ತರ ದಶಕದ ಮಾತು ಇದು. ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದೆ. ವಠಾರದ ಒಂಟಿ ಕೋಣೆಯಲ್ಲಿ ವಾಸ. ಅಕ್ಕಪಕ್ಕದವರು ಬೈಯುತ್ತಾರೆಂದು ಮೃದಂಗಕ್ಕೆ ಕಂಬಳಿ ಹೊದಿಸಿ ಸಾಧನೆ ಮಾಡುತ್ತಿದ್ದೆ. ಬಸವನಗುಡಿ, ಮಲ್ಲೇಶ್ವರದ ದೊಡ್ಡ ಸಭೆಗಳಲ್ಲಿ ನನ್ನಂಥವನನ್ನು ಕರೆಯುವವರಿರಲಿಲ್ಲ. ನನಗೆ ಇದ್ದದ್ದು ಆ ಒಂದು ಚಪ್ಪರ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ. ಹಾಗೆಂದೇ ಅವಮಾನ ನುಂಗಿಕೊಂಡು ಹೋಗುತ್ತಿದ್ದೆ. ಎದ್ದು ಹೋಗುವ ಸ್ವಾತಂತ್ರ್ಯ ಕೇಳುವವರಿಗಿತ್ತು, ನನಗಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರು ಸೋಮಾರಿಯಲ್ಲ. ಆಗ ಬಸವೇಶ್ವರನಗರದ ಕಡೆ ಇನ್ನೂ ಹೊಲಗಳಿದ್ದವು, ವಿಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ಅಂಥ ಕಾಲದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿ, ಮನೆಮನೆ ಸುತ್ತಿ ಚಂದಾ ಎತ್ತಿ, ದೊಡ್ಡ ದೊಡ್ಡ ಗಾಯಕರ ಕಾಲು ಹಿಡಿದು ಕರೆಸುತ್ತಿದ್ದರು. ಮೂಡಲಪಾಳ್ಯದ ಗೌಡರೊಬ್ಬರಿಗೆ ಗಂಟುಬಿದ್ದು ಗಾಡಿಯ ತುಂಬ ಸೌತೆಕಾಯಿ ತರಿಸುತ್ತಿದ್ದರು. ಪಾನಕವಂತೂ ಅವರದೇ ಉಸ್ತುವಾರಿ. ಕರಬೂಜದ ಹಣ್ಣನ್ನು ಒಂದೊಂದಾಗಿ ಮೂಸಿ ಆರಿಸುವರು. ಬೆಲ್ಲ ಎಷ್ಟು, ಏಲಕ್ಕಿ ಎಷ್ಟು, ಮೆಣಸಿನ ಪುಡಿ ಯಾವಾಗ ಎಂದು ಅಡುಗೆಯವರ ಪಕ್ಕ ನಿಂತು ಹೇಳುವರು. ಸೌಟಿನಲ್ಲಿ ತೆಗೆದು ಅಂಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ ರುಚಿ ನೋಡುವರು. ಆ ಕಣ್ಣು ಮುಚ್ಚುವ ಏಕಾಗ್ರತೆಯಲ್ಲಿ ಒಂದು ಪಾಲು ನನ್ನ ತನಿಗೆ ಸಿಕ್ಕಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಈಗ ನನ್ನ ಮೇಷ್ಟ್ರ ವಿಷಯ. ನನಗೆ ಮೃದಂಗ ಹೇಳಿಕೊಟ್ಟವರು ಚಿಕ್ಕಪೇಟೆಯ ಓಣಿಯೊಂದರಲ್ಲಿದ್ದ ಮುದುಕರು. ಹೊಗಳಿ ಗೊತ್ತಿದ್ದವರಲ್ಲ. ಪಾಠ ಸರಿಯಾಗಿದ್ದರೆ ಸುಮ್ಮನಿರುವರು, ತಪ್ಪಿದರೆ ಮಣೆಯ ಮೇಲೆ ಕುಟ್ಟುವರು. ಅವರ ಹತ್ತಿರ ಒಂದು ಮುಕ್ತಾಯವಿತ್ತು. ಮುಕ್ತಾಯವೆಂದರೆ ತನಿಯ ತುದಿ, ಒಂದೇ ಮಾತನ್ನು ಮೂರು ಸಲ ನುಡಿಸಿ ಹಾಡು ಮತ್ತೆ ಶುರುವಾಗುವ ಎತ್ತುಗಡೆಗೆ ತಂದು ಮುಟ್ಟಿಸುವುದು. ಅವರ ಗುರುಗಳಿಂದ ಅವರಿಗೆ ಬಂದದ್ದು, ಬಹಳ ತೊಡಕಿನದು. ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಒಂದು ವರ್ಷ ಕಾಯಿಲೆ ಬಿದ್ದರು. ಬಿದ್ದವರು ಒಂದು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು ಅದನ್ನು ಬಾಯಲ್ಲೇ ಹೇಳಿಕೊಟ್ಟರು. 'ರಾಮನವಮೀಗೆ ನುಡಿಸು. ನಾನ್ ಬಂದು ಕೇಳ್ತೀನಿ' ಅಂದರು.

ಬಂದರು. ಆ ಸ್ಥಿತಿಯಲ್ಲಿ ಆಟೋ ಮಾಡಿಕೊಂಡು ಬಂದರು. ನಾನೇ ಮೊದಲ ಸಾಲಿನಲ್ಲಿ, ಕಾರ್ಯದರ್ಶಿಗಳ ಪಕ್ಕದಲ್ಲೇ ಕೂರಿಸಿದೆ. 'ಇವರು ನಮ್ಮ ಮೇಷ್ಟ್ರು ಸಾರ್' ಅಂದೆ. ಅವರು ದೊಡ್ಡದಾಗಿ ನಮಸ್ಕಾರ ಮಾಡಿದರು.

ತನಿ ಬಂತು. ಮೇಷ್ಟ್ರು ನೆಟ್ಟಗೆ ಕೂತು ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದರು. ಗುರು ತನ್ನ ಕೈಯಿಂದ ಶಿಷ್ಯನ ತನಿಗೆ ತಾಳ ಹಾಕುವುದಕ್ಕಿಂತ ದೊಡ್ಡ ಆಶೀರ್ವಾದ ನಮ್ಮಲ್ಲಿಲ್ಲ. ಕಾರ್ಯದರ್ಶಿಗಳು ಗಡಿಯಾರ ನೋಡಿದರು, ಶಲ್ಯ ಕೊಡವಿದರು, ಎದ್ದರು. ಹಿಂದಕ್ಕೆ ಕೈ ಬೀಸಿದರು. ಹಿರಿಯರಿಗೆ ಮೊದಲು ಕೊಡಬೇಕಲ್ಲ, ತಾವೇ ಒಂದು ದೊನ್ನೆ ಪಾನಕ ತಂದು ಮೇಷ್ಟ್ರ ಬಲಗೈಗೆ ಕೊಟ್ಟರು. ಮೇಷ್ಟ್ರು ಎಡಗೈಯಲ್ಲಿ ತಾಳ ಮುಂದುವರಿಸಿದರು. ಅದನ್ನು ನೋಡಿ ಕಾರ್ಯದರ್ಶಿಗಳು ಎಡಗೈಗೂ ಒಂದು ದೊನ್ನೆ ಕೋಸಂಬರಿ ಇಟ್ಟರು. ನಾನು ಮುಕ್ತಾಯಕ್ಕೆ ಬಂದೆ. ಮೈಕು ಶುರುವಾಯಿತು, ಪಾನಕ ಎಡಗಡೆ, ಕೋಸಂಬರಿ ಬಲಗಡೆ. ಮೇಷ್ಟ್ರು ಎರಡೂ ಕೈ ತುಂಬಿಕೊಂಡು, ಚೆಲ್ಲದ ಹಾಗೆ ಹಿಡಿದುಕೊಂಡು, ನನ್ನನ್ನು ನೋಡುತ್ತಾ ಕೂತಿದ್ದರು. ಅವರ ಸುತ್ತ ಜನ ನಿಂತುಬಿಟ್ಟರು. ಆಮೇಲೆ ನನಗೆ ಅವರ ಮುಖ ಕಾಣಲಿಲ್ಲ.

ಕಚೇರಿ ಮುಗಿದ ಮೇಲೆ ಆಟೋ ಹತ್ತಿಸುವಾಗ ಕೇಳಿದೆ, 'ಹೇಗಿತ್ತು ಮೇಷ್ಟ್ರೇ?'

ಅವರು ಒಳಗೆ ಕೂತು ಪಂಚೆ ಸರಿಮಾಡಿಕೊಂಡರು. 'ಪಾನಕ ಚೆನ್ನಾಗಿತ್ತು ಕಣೋ' ಅಂದರು.

ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟರು. ಆ ಮುಕ್ತಾಯ ನನ್ನ ಕೈಯಲ್ಲಿ ಸರಿಯಾಗಿ ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಬಲ್ಲವರು ಒಬ್ಬರೇ ಇದ್ದರು. ಅವರ ಕೈಯನ್ನು ಕಾರ್ಯದರ್ಶಿಗಳು ಕಟ್ಟಿಹಾಕಿದರು. ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ವಯಸ್ಸಾಯಿತಲ್ಲ ಎಂದು ಹೆಂಡತಿ ಹೇಳುತ್ತಾಳೆ. ವಯಸ್ಸಾಯಿತು, ಕ್ಷಮೆ ಬರಲಿಲ್ಲ.

ಇಂಥ ಬರಹಗಳಲ್ಲಿ ಮುಂದೇನಾಗುತ್ತದೆಂದು ನನಗೂ ಗೊತ್ತು. ಆ ಒರಟು ಮನುಷ್ಯ ಚಪ್ಪರದ ಹಿಂದೆ ನಿಂತು ಗುಟ್ಟಾಗಿ ತನಿ ಕೇಳುತ್ತಿದ್ದ, ಕಣ್ಣಲ್ಲಿ ನೀರಿತ್ತು ಎಂದು ಯಾರೋ ಬಂದು ಹೇಳುತ್ತಾರೆ. ನಾನೂ ಆಸೆಯಿಂದ ಅಡುಗೆಯವರನ್ನು ವಿಚಾರಿಸಿದೆ. 'ಹಿಂದೆ ಬಂದು ಏನ್ಮಾಡ್ತಿರ್ತಾರೆ?' ಎಂದೆ. 'ಏನಿಲ್ಲಪ್ಪ, ನಾಗರಬಾವಿ ಕಡೆ ಸೈಟು ಹೇಗೆ ಅಂತ ಮಾತಾಡ್ತಿರ್ತಾರೆ' ಎಂದರು ಅವರು.

ಒಂದು ವರ್ಷ ಹಟದಿಂದ ತನಿಯನ್ನೇ ನುಡಿಸಲಿಲ್ಲ. ಹಾಡುವವರು ನನ್ನ ಕಡೆ ತಿರುಗಿದಾಗ ಬೇಡವೆಂದು ತಲೆಯಾಡಿಸಿದೆ. ಈಗ ಪಾನಕ ಯಾವಾಗ ಕೊಡುತ್ತೀರಿ, ನೋಡೋಣ ಎಂದು ಒಳಗೊಳಗೇ ಖುಷಿಪಟ್ಟೆ. ಅವರು ಒಂದು ಗಳಿಗೆ ತಬ್ಬಿಬ್ಬಾಗಿ, ಸೀದಾ ಮೈಕಿಗೆ ಹೋಗಿ, 'ಈಗ ಪಾನಕಕ್ಕೆ ಹತ್ತು ನಿಮಿಷ ವಿರಾಮ' ಎಂದುಬಿಟ್ಟರು. ಜನ ಸಂತೋಷದಿಂದ ಎದ್ದರು. ಈ ವ್ಯವಸ್ಥೆಯೇ ವಾಸಿ, ಗದ್ದಲವಿಲ್ಲದೆ ಕುಡಿಯಬಹುದು ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಕಾದೆ. ಬಂದಳು, ಬೊಂಬಾಯಿಯಲ್ಲಿ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಬೊಂಬಾಯಿಯ ಕನ್ನಡಿಗರ ಸಂಘವೊಂದು ಅವರ ಮಗಳ ಹಾಡುಗಾರಿಕೆ ಇಟ್ಟುಕೊಂಡಿತ್ತು. ಪಿಟೀಲಿನವರು ಅಲ್ಲೇ ಸಿಗುತ್ತಾರೆ, ಮೃದಂಗ ನಮ್ಮವನೇ ಇದ್ದಾನಲ್ಲ ಎಂದು ನನ್ನನ್ನು ಹೊರಡಿಸಿದರು. ರೈಲಿನಲ್ಲಿ ನನ್ನ ಮೃದಂಗದ ಚೀಲದ ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟು ಇಡ್ಲಿ ಚಟ್ನಿ ಬಡಿಸಿದರು. 'ಮಟ್ಟಸವಾಗಿದೆ ಕಣಯ್ಯ, ಮೇಜೇ ಬೇಡ' ಎಂದರು. ಕಚೇರಿಯ ದಿನ ತನಿ ಬಂದಾಗ ಅಲ್ಲಿಯೂ ಎದ್ದರು. ಬೊಂಬಾಯಿಯ ಕನ್ನಡಿಗರು ಇವರ ಮುಖ ನೋಡಿ, ಬೆಂಗಳೂರಿನಲ್ಲಿ ಹೀಗೆಯೇ ಇರಬೇಕೆಂದು ತಾವೂ ಎದ್ದರು.

ನಾವು ಇಳಿದುಕೊಂಡಿದ್ದು ಅವರ ತಮ್ಮನ ಮನೆಯಲ್ಲಿ. ಮಾರನೆಯ ದಿನ ಆತ ಆಫೀಸಿನಿಂದ ಎರಡು ಪಾಸು ತಂದರು. 'ಜಾಝ್ ಉತ್ಸವ ಅಂತೆ ಅಣ್ಣ. ಅಮೆರಿಕದಿಂದೆಲ್ಲ ಬಂದಿದಾರಂತೆ. ನಂಗೆ ಅರ್ಥ ಆಗಲ್ಲ, ನೀವು ಬೇಕಾದ್ರೆ ಹೋಗಿ.' ಜಾಝ್ ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಉತ್ಸವ ಎಂದ ಮೇಲೆ ಕಾರ್ಯದರ್ಶಿಗಳು ಬಿಡುವುದುಂಟೇ? 'ಹೋಗೋಣ ಬಾರಯ್ಯ ಮೃದಂಗ. ಬೇಸಿಗೆ ಉತ್ಸವ ಇವರು ಹೇಗ್ಮಾಡ್ತಾರೋ ನೋಡೋಣ' ಎಂದು ಶಲ್ಯ ಹೊದ್ದರು.

ಸಮುದ್ರದ ಗಾಳಿ ಬೀಸುವ ದೊಡ್ಡ ಬಯಲು. ಚಪ್ಪರವಿಲ್ಲ, ಮೇಲೆ ಬರಿಯ ಆಕಾಶ. ಅಷ್ಟುದ್ದಕ್ಕೂ ಮಡಿಸುವ ಕುರ್ಚಿಗಳು. ಕೂದಲು ಬಿಟ್ಟ ಹುಡುಗರು, ಕೈಯಿಲ್ಲದ ರವಿಕೆಯ ಹೆಂಗಸರು, ಬುಟ್ಟಿಯಲ್ಲಿ ತಿಂಡಿ ತಂದಿದ್ದ ಪಾರ್ಸಿ ದಂಪತಿಗಳು, ಅವರ ನಡುವೆ ಕಚ್ಚೆ ಪಂಚೆಯ ನಮ್ಮ ಕಾರ್ಯದರ್ಶಿಗಳು. ಬಾಗಿಲಲ್ಲಿ ಅವರನ್ನು ಯಾರೂ ಎದುರುಗೊಳ್ಳಲಿಲ್ಲ. 'ಇಲ್ಲಿ ಸೆಕ್ರೆಟರಿ ಯಾರಯ್ಯ?' ಎಂದು ನನ್ನನ್ನು ಕೇಳಿದರು. ಸೆಕೆಗೆ ಒಂದು ಲೋಟ ಕಬ್ಬಿನ ಹಾಲು ಕುಡಿದರು, ಅದರ ಮೇಲೊಂದು ಸೋಡಾ. ಸಾಲಿನ ನಡುವೆ ಜಾಗ ಸಿಕ್ಕಿತು. ಹೊರಗೆ ಹೋಗುವ ದಾರಿಯ ಕಡೆಗೆ ನಾನು ಕೂತೆ, ಒಳಗಡೆಗೆ ಅವರು. ನಾನಾಗಿ ಹಾಗೆ ಕೂತದ್ದಲ್ಲ, ಜಾಗವೇ ಹಾಗಿತ್ತು. ದೇವರು ದೊಡ್ಡವನು.

ವೇದಿಕೆಯ ಮೇಲೆ ಐದು ಜನ. ಇಬ್ಬರು ಊದುವವರು, ಒಬ್ಬ ಪಿಯಾನೋದವನು, ಆಳೆತ್ತರದ ಪಿಟೀಲನ್ನು ನಿಂತುಕೊಂಡು ಮೀಟುವವನೊಬ್ಬ. ಹಿಂದೆ ಡ್ರಮ್ಮುಗಳ ನಡುವೆ ಒಬ್ಬ ಕಪ್ಪು ಮನುಷ್ಯ, ವಯಸ್ಸಾದವನು, ಕನ್ನಡಕ ಹಾಕಿದ್ದ. ಶುರುವಾದ ಕೂಡಲೇ ಕಾರ್ಯದರ್ಶಿಗಳು ತೊಡೆ ತಟ್ಟಿ ತಾಳ ಹಾಕತೊಡಗಿದರು. ಅದು ಕೂಡಲಿಲ್ಲ. ಆದಿತಾಳ ಹಾಕಿದರು, ರೂಪಕ ಹಾಕಿದರು. 'ತಾಳಾನೇ ಇಲ್ಲವಲ್ಲಯ್ಯ ಇವಕ್ಕೆ' ಎಂದರು. ಒಬ್ಬೊಬ್ಬನ ಸರದಿ ಮುಗಿದಾಗಲೂ ಜನ ಚಪ್ಪಾಳೆ ತಟ್ಟಿದರು. 'ಮಂಗಳ ಹಾಡೋಕ್ ಮುಂಚೆ ಚಪ್ಪಾಳೆ ಏನಯ್ಯ, ಅನಿಷ್ಟ' ಎಂದರು. ಒಂದು ಸಲ ತಾವೂ ಗಟ್ಟಿಯಾಗಿ 'ಭಲೇ' ಎಂದರು, ಹಿಂದಿನ ಸಾಲಿನ ಗಡ್ಡದವನೊಬ್ಬ ಶ್ ಎಂದ. ರಾಜಾಜಿನಗರದಲ್ಲಿ ಅವರಿಗೆ ಶ್ ಎಂದವರು ಹುಟ್ಟಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಊದುವವರು ತುಟಿ ಒರೆಸಿಕೊಂಡು ಬದಿಗೆ ಸರಿದರು, ಪಿಯಾನೋದವನು ಕೈ ಮಡಿಲಲ್ಲಿಟ್ಟುಕೊಂಡ. ಡ್ರಮ್ಮಿನವನೊಬ್ಬನೇ ಉಳಿದ. ಇದು ತನಿ. ಭಾಷೆ ಗೊತ್ತಿಲ್ಲದ ಊರಿನಲ್ಲಿ ನಮ್ಮ ಮನೆಯ ಮಾತು ಕೇಳಿದ ಹಾಗಾಯಿತು.

ಪಕ್ಕದಲ್ಲಿ ಮಣಿಕಟ್ಟು ತಿರುಗಿತು. ಶಲ್ಯ ಕೊಡವಿದ ಗಾಳಿ ನನ್ನ ಕೆನ್ನೆಗೆ ತಾಗಿತು. 'ತನಿ ಬಂತು ಕಣಯ್ಯ, ಏಳು. ಕಾಫಿ ಎಲ್ಲಿ ಕೊಡ್ತಾರೋ ನೋಡೋಣ' ಎಂದು ಎದ್ದು ನಿಂತರು.

ಅಷ್ಟು ದೊಡ್ಡ ಬಯಲಿನಲ್ಲಿ ಎದ್ದು ನಿಂತವರು ಅವರೊಬ್ಬರೇ.

ನಾನು ಮೊಣಕಾಲು ಸರಿಸಲಿಲ್ಲ. 'ಕೂತ್ಕೊಳ್ಳಿ' ಎಂದೆ.

'ಏನು?'

'ಕೂತ್ಕೊಳ್ಳಿ ಸಾರ್. ಆಯಪ್ಪ ನುಡಿಸ್ತಾ ಇದಾನೆ.'

ಗಡ್ಡದವನು ಹಿಂದಿನಿಂದ 'ಸಿಟ್ ಡೌನ್' ಎಂದ. ಪಾರ್ಸಿ ಹೆಂಗಸು ಕೂಡ ಏನೋ ಅಂದಳು. ಕಾರ್ಯದರ್ಶಿಗಳು ಕೂತರು. ಕೂತ ಕೂಡಲೇ ಅವರ ಶಲ್ಯದ ತುದಿ ನನ್ನ ಕುರ್ಚಿಯ ಮೇಲೆ ಬಿತ್ತು. ನಾನು ಅದರ ಮೇಲೆ ಸರಿದು ಭದ್ರವಾಗಿ ಕೂತೆ.

ಡ್ರಮ್ಮಿನವನು ಅವಸರ ಮಾಡಲಿಲ್ಲ. ಮೊದಲು ಪೊರಕೆಯಂಥ ತಂತಿ ಕಡ್ಡಿಗಳಲ್ಲಿ, ಹೆಂಗಸರು ಅಕ್ಕಿ ಕೇರುವಂಥ ಸದ್ದು ಮಾಡಿದ. ಅದರೊಳಗೆ ಒಂದು ಲೆಕ್ಕ ಸುತ್ತುತ್ತಿದ್ದದ್ದು ನನಗೆ ಸಿಕ್ಕಿತು. ಸಿಕ್ಕ ಮೇಲೆ ನಾನು ತೊಡೆಯ ಮೇಲೆ ತಾಳ ಹಾಕಿದೆ. ಪಕ್ಕದಿಂದ ಪಿಸುಮಾತು ಬಂತು.

'ಲೋ, ನಿಜವಾಗ್ಲೂ ಹೋಗ್ಬೇಕು ಕಣೋ. ಆ ಸೋಡಾ ಕುಡೀಬಾರ್ದಾಗಿತ್ತು.'

'ತನಿ ಮುಗೀಲಿ ಸಾರ್.'

'ಎಷ್ಟೊತ್ತಯ್ಯಾ ಇದು?'

'ಉಪ್ಪಿನಕಾಯಿ ಸಾರ್. ನೆಕ್ತಾ ಇರಿ' ಎಂದೆ.

ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ನೋಡಿದರು ಎನ್ನಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿದ ಮೇಲೆ ತಡೆದುಕೊಂಡು ಕೂರಲೂಬೇಕು. ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕಾಲಿನ ಮೇಲೆ ಕಾಲು ಹಾಕಿ, ಹಣೆಯಲ್ಲಿ ಬೆವರು ತುಂಬಿಕೊಂಡು ಅವರು ಆ ತನಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ಆ ಸಂತೋಷ ಕೊನೆಯವರೆಗೂ ಉಳಿಯಲಿಲ್ಲ. ಉಳಿದ ನಾಲ್ವರೂ ವೇದಿಕೆ ಬಿಟ್ಟು ಕದಲಿರಲಿಲ್ಲ. ನೀರು ಕುಡಿಯಲೂ ಹೋಗಿರಲಿಲ್ಲ. ಊದುವವನೊಬ್ಬ ಕಣ್ಣು ಮುಚ್ಚಿ, ಎರಡು ಬೆರಳನ್ನು ತನ್ನ ಪ್ಯಾಂಟಿನ ಮೇಲೆ ಮೆಲ್ಲಗೆ ಬಡಿಯುತ್ತಿದ್ದ. ಬರಿಗೈ. ಅದನ್ನು ನೋಡಿ ನನಗೆ ಮೇಷ್ಟ್ರ ಎರಡು ಕೈಗಳು ಕಣ್ಣ ಮುಂದೆ ಬಂದವು. ಆ ಬಯಲಿನಲ್ಲಿ ಕೂತು ಅತ್ತೆ. ಡ್ರಮ್ಮಿನ ಮುದುಕನ ಕಡೆಯ ಪೆಟ್ಟು ಬಿದ್ದು, ನಾಲ್ವರೂ ಒಟ್ಟಿಗೆ ಎತ್ತಿಕೊಂಡಾಗ ಇಡೀ ಬಯಲು ಎದ್ದು ನಿಂತಿತು. ಆಗ ಕಾರ್ಯದರ್ಶಿಗಳು ಶಲ್ಯವನ್ನು ನನ್ನ ಕೆಳಗೇ ಬಿಟ್ಟು ಓಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು, 'ಅಲ್ಲಯ್ಯಾ, ಅಷ್ಟು ಜನದಲ್ಲಿ ಒಬ್ಬರೂ ಏಳಲಿಲ್ಲವಲ್ಲ?'

'ಇಲ್ಲಿ ಪಾನಕ ಇಲ್ಲ ಸಾರ್' ಎಂದೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಗೆದ್ದಂತೆಯೇ. ಅವರು ಸೋಲುವ ಪೈಕಿಯಲ್ಲ. ಊರಿಗೆ ಬಂದವರೇ ಎಲ್ಲರಿಗೂ ಹೇಳತೊಡಗಿದರು: ಬೊಂಬಾಯಿಯಲ್ಲಿ ಜಾಝ್ ಕೇಳಿ ಬಂದೆ, ಅಮೆರಿಕದವನ ತನಿಯನ್ನು ಅಲುಗಾಡದೆ ಕೂತು ಕೇಳಿದೆ, ಕೇಳ್ಮೆ ಎಂದರೆ ಅದು. ಅಲುಗಾಡದಿದ್ದದ್ದು ನಿಜ, ಯಾಕೆಂದು ನನಗೆ ಗೊತ್ತು. ಮರುವರ್ಷದ ರಾಮನವಮಿಗೆ ಹೊಸ ಕಟ್ಟಳೆ ಬಂತು. ಪಾನಕ ಮಂಗಳದ ನಂತರ. ತನಿಯ ಹೊತ್ತಿಗೆ ಯಾರೂ ಏಳಕೂಡದು. ನನಗೆ ಕಿವಿಯನ್ನೇ ನಂಬಲಾಗಲಿಲ್ಲ.

ತನಿ ಬಂತು. ಯಾರೂ ಏಳಲಿಲ್ಲ. ಮನಸ್ಸು ತುಂಬಿ ನುಡಿಸಿದೆ. ಮೇಷ್ಟ್ರು ಕೊಟ್ಟ ಮುಕ್ತಾಯಕ್ಕೆ ಕೈ ಎತ್ತಿದೆ. ಮೈಕು ಕರಕರ ಎಂದಿತು.

'ಮಹನೀಯರೇ, ತನಿ ನಡೀತಾ ಇದೆ. ಯಾರೂ ಏಳಬಾರದು. ಬೊಂಬಾಯಲ್ಲಿ ಯಾರೂ ಏಳಲ್ಲ. ಮೃದಂಗಕ್ಕೆ ಮರ್ಯಾದೆ ಕೊಡೋದನ್ನ ನಾವೂ ಕಲೀಬೇಕು. ಪಾನಕ ಆಮೇಲಿದೆ, ಎಲ್ಲರಿಗೂ ಸಾಲುವಷ್ಟಿದೆ.'

ಅಲ್ಲಿಂದ ಮುಂದೆ ಪ್ರತಿ ವರ್ಷವೂ, ಸರಿಯಾಗಿ ಮುಕ್ತಾಯದ ಹೊತ್ತಿಗೆ ಆ ಪ್ರಕಟಣೆ. ಜನ ಅವರನ್ನು ಕೊಂಡಾಡಿದರು. ಮೃದಂಗದವರ ಪಾಲಿನ ದೇವರು ಎಂದು ಸನ್ಮಾನ ಕೂಡ ಮಾಡಿದರು. ಹಾರ ಹಾಕಲು ನನ್ನನ್ನೇ ಕರೆದರು, ಹಾಕಿದೆ. ಆ ಸದ್ದಿನಲ್ಲಿ ಮೇಷ್ಟ್ರ ಮುಕ್ತಾಯವನ್ನು ಮತ್ತೆ ಮತ್ತೆ ಕೊಲ್ಲಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಮುಕ್ತಾಯಕ್ಕೆ ಮುಂಚೆ ಒಂದು ಸುತ್ತು ತಾಳ ಪೂರ್ತಿ ಕೈ ಎತ್ತಿ ಸುಮ್ಮನೆ ಕೂರುತ್ತಿದ್ದೆ. ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸಲಿ ಎಂದು. ಆದರೂ ಪಾನಕದ ಹೆಸರು ಕೇಳಿದ ಜನರ ಗುಜುಗುಜುವಿನ ನಡುವೆಯೇ ಮುಕ್ತಾಯ ನುಡಿಸಬೇಕಾಗುತ್ತಿತ್ತು. ಹಾಡುವವರಿಗೂ ಅದು ರೂಢಿಯಾಯಿತು. ವರ್ಷಗಳು ಹೋದವು, ನನ್ನ ಕೂದಲು ಬೆಳ್ಳಗಾಯಿತು, ಆ ಬಿಡುವು ನನ್ನ ಕೈಗೇ ಅಂಟಿಕೊಂಡಿತು.

ಇನ್ನು ಆ ಶ್ರದ್ಧಾಂಜಲಿ ಸಭೆಯ ದಿನ. ವೇದಿಕೆಯ ಮೇಲೆ ಅವರ ಫೋಟೋ, ಹೂವಿನ ಹಾರ. ಮಗಳು ಹಾಡಿ ನನ್ನ ಕಡೆ ತಿರುಗಿದರು. ಸಭಾಂಗಣ ತುಂಬಿತ್ತು, ಯಾರೂ ಏಳಲಿಲ್ಲ. ಅವರ ಕಟ್ಟಳೆಯಲ್ಲವೇ? ಮೈಕು ಹಿಡಿಯುವವರಿಲ್ಲ, ದೊನ್ನೆಯ ಸದ್ದಿಲ್ಲ. ಇಷ್ಟು ವರ್ಷಕ್ಕೆ ನನಗೆ ನನ್ನ ತನಿ ಸಿಕ್ಕಿತು, ಇವತ್ತು ಮೇಷ್ಟ್ರ ಮುಕ್ತಾಯ ಪೂರ್ತಿಯಾಗಿ ಕೇಳಿಸುತ್ತೇನೆ ಎಂದುಕೊಂಡೆ. ಸೇಡು ಎಂದರೆ ಇದೇ, ಅವರ ಫೋಟೋದ ಎದುರಿಗೇ. ನುಡಿಸುತ್ತಾ ಮುಕ್ತಾಯದ ಹತ್ತಿರ ಬಂದೆ. ಕೈ ತಾನಾಗಿ ಮೇಲಕ್ಕೆ ಹೋಗಿ ನಿಂತುಬಿಟ್ಟಿತು. ಇಡೀ ಒಂದು ಸುತ್ತು, ನಾನು ಕೈ ಎತ್ತಿಕೊಂಡು ಅವರ ಪ್ರಕಟಣೆಗೆ ಕಾದೆ. ಮಗಳು ಮೌನವಾಗಿ ತಾಳ ಹಾಕಿದರು. ಬರಬೇಕಾದ ದನಿ ಬರಲಿಲ್ಲ. ಸಭಾಂಗಣದಲ್ಲಿ ಮೊದಲು ಒಬ್ಬರು ಬಿಕ್ಕಿದರು. ಆಮೇಲೆ ಸಾಲುಸಾಲಾಗಿ ಅಳು ಶುರುವಾಯಿತು. ನೋಡಿ, ಮೃದಂಗವೇ ಅವರಿಗಾಗಿ ಮೌನವಾಯಿತು ಎಂದು ಯಾರೋ ಹೇಳಿದ್ದು ಕೇಳಿಸಿತು. ನಾನು ಮುಕ್ತಾಯ ನುಡಿಸಿದೆ. ಆ ಬಿಕ್ಕುವ, ಮೂಗೊರೆಸುವ ಸದ್ದಿನಲ್ಲಿ ಅದು ಒಬ್ಬರಿಗೂ ಕೇಳಲಿಲ್ಲ.

ಅಮ್ಮಾ, ನಿಮ್ಮ ಸಂಚಿಕೆಗೆ ಇದನ್ನು ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಇಷ್ಟುದ್ದ ಬೇಡವಾದರೆ ಒಂದೇ ಸಾಲು ಹಾಕಿಕೊಳ್ಳಿ. ಆಗಲೇ ಹೇಳಿದ ಆ ಒಂದು ಒಳ್ಳೆಯ ಮಾತು. ಅದೂ ನನ್ನದಲ್ಲ, ನನ್ನ ಮೇಷ್ಟ್ರದು, ಸುಳ್ಳು ಹೊಗಳಿ ಗೊತ್ತಿಲ್ಲದವರದು.

ಪಾನಕ ಚೆನ್ನಾಗಿತ್ತು.